ಮೋಟಾರಿಗೆ ರೆಕ್ಕೆಯೇಕೆ?

1956ನೆಯ ಇಸವಿಯಲ್ಲಿ ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಪಂದ್ಯಪಥಕ್ಕೆ ಸ್ವಿಟ್ಸರ್ಲೆಂಡಿನ ತರುಣನೊಬ್ಬನು ಒಂದು ವಿಚಿತ್ರವಾದ ಗಾಡಿಯನ್ನು ತಂದನು. ಗಾಡಿಯೇನೋ ಎಲ್ಲರೂ ಬಲ್ಲ ಪುಟ್ಟ ಪೋರ್ಷೆ. ಆದರೆ ಚಾಲಕನ ತಲೆಗಿಂತ ಎತ್ತರದಲ್ಲಿ, ಅಡ್ಡಲಾಗಿ, ಅದಕ್ಕೊಂದು ರೆಕ್ಕೆಯಿದ್ದಿತು! ವಿಮಾನದ ರೆಕ್ಕೆಯನ್ನು ಬೋರಲು ಹಾಕಿದಂತೆ ಅದರ ಆಕಾರ. ಕುಳಿತಲ್ಲಿಂದಲೇ ಅದರ ಓರೆಯನ್ನು ಬದಲಿಸುವ ಏರ್ಪಾಡನ್ನೂ ಆ ತರುಣನು ಮಾಡಿಕೊಂಡಿದ್ದನು. ಹಿಂದೆ ಬರುವ ಚಾಲಕರ ನೋಟಕ್ಕೆ ಅಡ್ಡವಾಗುತ್ತದೆಂದು ಅಧಿಕಾರಿಗಳು ಆಕ್ಷೇಪವೆತ್ತಿ ರೆಕ್ಕೆಗೆ ಅನುಮತಿಯನ್ನು ನಿರಾಕರಿಸಿದರು. ಮೈಕೆಲ್ ಮೇ ಎಂಬ ಆ ಎಂಜಿನಿಯರನು ಸರಿಯಾದುದನ್ನೇ ಮಾಡಿದ್ದನೆಂಬುದು ಪಂದ್ಯಲೋಕಕ್ಕೆ ಮನವರಿಕೆಯಾಗಲು ಮುಂದೆ ಹತ್ತು ವರ್ಷಗಳೇ ಹಿಡಿದವು.

ಅದೇ ಪಥದಲ್ಲಿ ಇಂದು ಶುಲ್ಕವನ್ನು ತೆತ್ತು ಸ್ವಂತ ಗಾಡಿಯನ್ನೋಡಿಸುವ ಹವ್ಯಾಸಿಗಳು ಎಷ್ಟೋ ಮಂದಿ. ಅವರಲ್ಲಿ ಕೆಲವರ ಗಾಡಿಗಳ ಬೆನ್ನಮೇಲೆ ರೆಕ್ಕೆ, ಮೂತಿಯ ಕೆಳಗೆ ನಾಲಗೆಯಂತೆ ಚಾಚಿದ ಹಲಗೆ, ಹಿಂಬದಿಯ ಅಡಿಯಲ್ಲಿ ಮೇಲಕ್ಕೆ ಬಾಗಿದ ತಗಡು. ಇವುಗಳಿಗೆ ಸುರಿದ ಹಣದಿಂದ ಫಲವುಂಟೆ? ಅಥವಾ ಇದೆಲ್ಲ ಬರಿಯ ಒಡವೆಯೆ?

ಓಡುವ ಬಸ್ಸಿನ ಕಿಟಕಿಯ ಬಳಿ ಅಂಗೈಯನ್ನು ಗಾಳಿಗೆ ಓರೆಯಾಗಿ ಹಿಡಿದ ಮಕ್ಕಳೆಲ್ಲ ಇದರ ಮರ್ಮವನ್ನು ಬಲ್ಲರು. ಬೆರಳಿನ ಕಡೆಯಂಚು ಮೇಲಕ್ಕಿದ್ದರೆ ಕೈ ಮೇಲೇಳುತ್ತದೆ, ಕೆಳಕ್ಕಿದ್ದರೆ ಕುಸಿಯುತ್ತದೆ. ಬೋರಲು ರೆಕ್ಕೆ ಮಾಡುವುದೂ ಇದನ್ನೇ. ಗಾಳಿಯನ್ನು ಮೇಲಕ್ಕೆ ತಳ್ಳಿ, ತಾನು ಗಾಡಿಯನ್ನು ನೆಲಕ್ಕೊತ್ತುತ್ತದೆ. ತುರಿಯುವ ಮಣೆಯ ಮೇಲೆ ಕುಳಿತವರ ಭಾರದಿಂದ ಮಣೆ ಜಾರದಿರುವಂತೆ, ಒತ್ತು ಹೆಚ್ಚಿದಾಗ ಚಕ್ರದ ರಬ್ಬರು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ. ಹಾಗಾದರೆ ಗಾಡಿಯಲ್ಲಿ ನಾಲ್ಕು ಮರಳಿನ ಚೀಲಗಳನ್ನು ಹೇರಿದರೆ ಸಾಲದೆ? ಸಾಲದು. ಚೀಲದ ಭಾರವನ್ನೂ ತಿರುವಿನಲ್ಲಿ ತಿರುಗಿಸಬೇಕು, ನಿಲ್ಲಿಸುವಾಗ ನಿಲ್ಲಿಸಬೇಕು. ಗಾಳಿಯಾದರೋ ಒತ್ತನ್ನು ಕೊಡುತ್ತದೆಯೇ ಹೊರತು ಹೊರೆಯನ್ನು ಹೊರಿಸುವುದಿಲ್ಲ.

ಆದರೆ ಈ ಉಪಕಾರಕ್ಕೊಂದು ಕರಾರಿದೆ. ಗಾಳಿಯ ಒತ್ತು ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಎರಡರಷ್ಟಾದರೆ ಒತ್ತು ನಾಲ್ಕರಷ್ಟು. ಗಂಟೆಗೆ 160 ಕಿಲೋಮೀಟರು ವೇಗದಲ್ಲಿ 80 ಕಿಲೋಗ್ರಾಮಿನಷ್ಟು ಒತ್ತುವ ರೆಕ್ಕೆಯೊಂದಿದೆಯೆಂದು ಭಾವಿಸೋಣ. 80 ಕಿಲೋಮೀಟರಿನಲ್ಲಿ ಅದು ಕೊಡುವುದು 20 ಕಿಲೋಗ್ರಾಮು. 40ರಲ್ಲಿ ಬರಿಯ 5. ಗಾಡಿಯ ತೂಕ 1000 ಕಿಲೋಗ್ರಾಮಾದರೆ, 160ರ ತಿರುವನ್ನು ಆತ ಹೆಚ್ಚೆಂದರೆ 166ರಲ್ಲಿ ದಾಟಿಯಾನು. 80ರ ತಿರುವಿನಲ್ಲಿ ಲಾಭ ಒಂದು ಕಿಲೋಮೀಟರೂ ಇಲ್ಲ. ಎಲ್ಲ ತಿರುವುಗಳೂ ಇಕ್ಕಟ್ಟಾಗಿರುವ ಚಿಕ್ಕ ಪಥದಲ್ಲಿ ರೆಕ್ಕೆಯನ್ನು ಹೊತ್ತು ತಿರುಗುವವನು ಅದೇ ಹಣವನ್ನು ಒಳ್ಳೆಯ ಟೈರಿಗೆ ವೆಚ್ಚ ಮಾಡುವುದು ಮೇಲು. ನೇರ ದಾರಿಯಲ್ಲಂತೂ ರೆಕ್ಕೆ ಗಾಳಿಗೆ ಅಡ್ಡಿಯೇ ಸರಿ.

ಈ ಅಡ್ಡಿಗೆ ಸೊಗಸಾದ ಉಪಾಯವನ್ನು ಹೂಡಿದವರು ಅಮೆರಿಕದ ಟೆಕ್ಸಾಸಿನ ಜಿಮ್ ಹಾಲ್. 1966ರ ಅವರ ಚಾಪರಲ್ ಗಾಡಿಯಲ್ಲಿ ರೆಕ್ಕೆ ಎತ್ತರದ ಕಂಬಗಳ ಮೇಲಿದ್ದಿತು. ಆ ಕಂಬಗಳು ಗಾಡಿಯ ಒಡಲಿಗಲ್ಲದೆ ಹಿಂಚಕ್ರಗಳ ಆಧಾರಕ್ಕೇ ಸೇರಿದ್ದವು. ಒತ್ತೆಲ್ಲವೂ ಸ್ಪ್ರಿಂಗನ್ನು ಅಮುಕದೆ ನೇರವಾಗಿ ಚಕ್ರಕ್ಕೇ ತಲಪುತ್ತಿತ್ತು. ನೇರ ದಾರಿಯಲ್ಲಿ ಎಡಗಾಲಿನಿಂದ ಪೆಡಲೊಂದನ್ನು ಮೆಟ್ಟಿದರೆ ರೆಕ್ಕೆ ಮಟ್ಟಸವಾಗುವುದು. ಕಾಲು ತೆಗೆದರೆ ಓರೆಯಾಗುವುದು. ಕ್ಲಚ್ಚಿನ ಪೆಡಲು ಆ ಗಾಡಿಗೆ ಬೇಕಿರಲಿಲ್ಲವಾದ್ದರಿಂದ ಎಡಗಾಲಿಗೆ ಬಿಡುವಿದ್ದಿತು.

ಹವ್ಯಾಸಿಗಳು ಎಡವುವುದು ಬಹುಮಟ್ಟಿಗೆ ಎರಡು ಕಡೆ. ಹಿಂಭಾಗಕ್ಕೆ ಮಾತ್ರ ದೊಡ್ಡ ರೆಕ್ಕೆಯನ್ನು ಹಾಕಿ ಮುಂಭಾಗವನ್ನು ಮರೆಯುವುದು ಒಂದು. ಹಿಂಚಕ್ರಕ್ಕಿಂತಲೂ ಹಿಂದೆ ಚಾಚಿಕೊಂಡ ರೆಕ್ಕೆಯನ್ನು ಗಾಳಿ ಒತ್ತಿದಾಗ, ಏತದ ಮರದಂತೆ ಮುಂಚಕ್ರಗಳ ಭಾರ ಹಗುರಾಗುತ್ತದೆ. ಚಾಲಕ ಸ್ಟೀರಿಂಗನ್ನು ತಿರುಗಿಸುತ್ತಾನೆ. ಗಾಡಿ ಮಾತ್ರ ನೆಟ್ಟಗೆ ಹೋಗುತ್ತದೆ! ಮೂತಿಯ ಕೆಳಗಿನ ಹಲಗೆ ಇರುವುದು ಇದನ್ನು ಸರಿದೂಗಿಸಲು. ಎರಡನೆಯದು, ಚಾವಣಿಯ ಹಿಂದೆ ಸುಳಿಸುಳಿಯಾಗಿ ಒಡೆದ ಗಾಳಿಯಲ್ಲಿ ತಗ್ಗಾಗಿ ರೆಕ್ಕೆಯನ್ನು ನಿಲ್ಲಿಸುವುದು. ಅಲ್ಲಿ ಅದಕ್ಕೆ ಹಿಡಿಯಲು ನೆಟ್ಟಗಿನ ಗಾಳಿಯೇ ಸಿಗದು.

ಗಾಳಿ ಕಣ್ಣಿಗೆ ಕಾಣದಲ್ಲ, ಇದನ್ನು ತಿಳಿಯುವುದೆಂತು? ದಾರಿ ಬಹಳ ಅಗ್ಗವಾಗಿದೆ. ಉಣ್ಣೆಯ ಚಿಕ್ಕ ಚಿಕ್ಕ ಎಳೆಗಳನ್ನು ಗಾಡಿಯ ಮೈಗೂ ರೆಕ್ಕೆಗೂ ಅಂಟಿಸಿ, ಪಕ್ಕದ ಗಾಡಿಯಿಂದ ಮಿತ್ರನೊಬ್ಬನು ಚಿತ್ರ ತೆಗೆದರಾಯಿತು. ಎಳೆಗಳು ಬಾಚಿದ ಕೂದಲಿನಂತೆ ಮಲಗಿದ್ದರೆ ಗಾಳಿ ಮೈಗೆ ಅಂಟಿ ಹರಿಯುತ್ತಿದೆ. ಕೆದರಿ ಕುಣಿಯುತ್ತಿದ್ದರೆ ಅಲ್ಲಿ ಸುಳಿಯಿದೆ. ಒಂದೇ ವೇಗದಲ್ಲಿ, ಮಟ್ಟಸವಾದ ದಾರಿಯಲ್ಲಿ, ರೆಕ್ಕೆಯಿದ್ದಾಗ ಸ್ಪ್ರಿಂಗು ಎಷ್ಟು ಕುಗ್ಗಿತು, ಇಲ್ಲದಾಗ ಎಷ್ಟು ಕುಗ್ಗಿತು ಎಂದು ಅಳೆದರೆ ಒತ್ತಿನ ಅಂದಾಜೂ ಸಿಕ್ಕುತ್ತದೆ. ಸಾವಿರಾರು ರೂಪಾಯಿಯ ರೆಕ್ಕೆಯನ್ನು ಕೊಂಡವರು ನಾಲ್ಕು ಗಜ ಉಣ್ಣೆಯನ್ನು ಕೊಳ್ಳಲು ಹಿಂಜರಿಯುವುದು ಸೋಜಿಗವೇ.

ಅಳತೆ ಸರಿಯಾಗಿದ್ದರೂ ಕಂಬ ಗಟ್ಟಿಯಿರದಿದ್ದರೆ ಎಲ್ಲವೂ ವ್ಯರ್ಥ. 1969ರ ಮೇ 4ರಂದು ಸ್ಪೇನಿನ ಬಾರ್ಸಿಲೋನಾದ ಮೋಂಟ್‌ಜುಯಿಕ್ ಪಥದಲ್ಲಿ ಗ್ರಹಾಂ ಹಿಲ್ಲರ ಲೋಟಸ್ ಗಾಡಿಯ ಎತ್ತರದ ರೆಕ್ಕೆ ಮುರಿದು, ಗಾಡಿ ಕಂಬಿಬೇಲಿಗೆ ಅಪ್ಪಳಿಸಿತು. ಸ್ವಲ್ಪ ಹೊತ್ತಿನಲ್ಲೇ ಅವರ ಜೊತೆಗಾರ ಯೊಕೆನ್ ರಿಂಟ್‌ರ ರೆಕ್ಕೆಯೂ ಮುರಿಯಿತು. ಅವರ ಗಾಡಿ ಹಿಲ್ಲರ ಗಾಡಿಗೇ ಬಂದು ಬಡಿಯಿತು. ರಿಂಟ್‌ರ ಮುಖಕ್ಕೆ ಗಾಯವಾಯಿತು. ಇಬ್ಬರ ಪ್ರಾಣವೂ ಉಳಿದುದೇ ಪುಣ್ಯ. ಅದೇ ತಿಂಗಳು ಮೊನಾಕೊ ಪಂದ್ಯದ ಅಭ್ಯಾಸ ನಡೆದಿರುವಾಗಲೇ ಎತ್ತರದ ರೆಕ್ಕೆಗಳನ್ನು ನಿಷೇಧಿಸಲಾಯಿತು. ಮುಂದೆ ಅವು ಮರಳಿ ಬಂದದ್ದು ತಗ್ಗಾಗಿ, ಗಾಡಿಯ ಒಡಲಿಗೆ ಬಿಗಿಯಾಗಿ ಬೆಸೆದುಕೊಂಡು.

ಪಳಗಿದ ಎಂಜಿನಿಯರುಗಳ ಕೈಯಲ್ಲೇ ಹೀಗಾಗಿರುವಾಗ, ಡಿಕ್ಕಿಯ ಮುಚ್ಚಳದ ತೆಳು ತಗಡಿಗೆ ನಾಲ್ಕು ತಿರುಪುಗಳಿಂದ ರೆಕ್ಕೆಯನ್ನು ಬಿಗಿದು ಹೊರಡುವ ಹವ್ಯಾಸಿ, 160ರ ವೇಗದಲ್ಲಿ ಆ ತಗಡಿನ ಮೇಲೆ ಆಳೊಬ್ಬನು ನಿಂತಿರುತ್ತಾನೆಂದು ನೆನೆದು ಅಡಿಗೊಂದು ದಪ್ಪ ಪಟ್ಟಿಯನ್ನಾದರೂ ಕೊಡಿಸಬೇಕು.