ಎಂಎಸ್‌ಡಬ್ಲ್ಯೂ ಮುಗೀತು, ಓದು ಮುಗೀಲಿಲ್ಲ

"ಎಂಎಸ್‌ಡಬ್ಲ್ಯೂ ಆಗಿದೆಯಲ್ಲ, ಇನ್ನೇನು ಓದೋದು?" ಮನೆಯಲ್ಲಿ ಅಮ್ಮ ಕೇಳ್ತಾರೆ, ಕೆಲಸದ ಜಾಗದಲ್ಲೂ ಕೇಳ್ತಾರೆ. ಸಮಾಜಕಾರ್ಯಕ್ಕೆ ಒಳ್ಳೇ ಮನಸ್ಸಿದ್ದರೆ ಸಾಕು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ. ಮನಸ್ಸು ಬೇಕು, ನಿಜ. ಆದರೆ ಆಸ್ಪತ್ರೆಯಲ್ಲಿ ನನ್ನ ಟೇಬಲ್ ಮುಂದೆ ಕೂರುವವರಿಗೆ ಸಮಾಧಾನದ ಮಾತಿನ ಜೊತೆ ಸರಿಯಾದ ಮಾಹಿತಿಯೂ ಬೇಕು. ಅದು ಹಳೆಯದಾಗಿದ್ದರೆ ನಷ್ಟ ಅವರಿಗೇ.

ಉದಾಹರಣೆಗೆ, 1995ರ ವಿಕಲಚೇತನರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಇರುವವರು, ಆಸಿಡ್ ದಾಳಿಗೆ ಒಳಗಾದವರು ಪಟ್ಟಿಗೆ ಬಂದರು. ಹಳೇ ನೋಟ್ಸ್ ನಂಬಿಕೊಂಡವರು ಥಲಸ್ಸೇಮಿಯಾ ಇರುವ ಮಗುವಿನ ತಾಯಿಗೆ "ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಕ್ಕಾಗಲ್ಲಮ್ಮ" ಅಂದುಬಿಟ್ಟರೆ? ಒಂದು ದಿನದ ಕೂಲಿ ಬಿಟ್ಟು ಬಂದ ಆಕೆ ಮತ್ತೆ ಕೇಳೋಕೆ ಬರ್ತಾರಾ?

ದತ್ತು ವಿಷಯವೂ ಹಾಗೇ. ಮೊದಲು ದತ್ತು ಆದೇಶ ಕೋರ್ಟ್‌ನಿಂದ ಬರುತ್ತಿತ್ತು. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ಡಿಸಿಯವರಿಗೆ ಹೋಯಿತು. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಪೊಲೀಸ್ ಕೇಸ್ ಅಂತ ಹೆದರಿ ಕೂತ ಕುಟುಂಬಕ್ಕೆ ಇದನ್ನು ಹೇಳೋರು ಯಾರು? ನಾವೇ.

ಇಂಗ್ಲೆಂಡ್‌ನಲ್ಲಿ ಸಮಾಜ ಕಾರ್ಯಕರ್ತರು ನೋಂದಣಿ ಉಳಿಸಿಕೊಳ್ಳಲು ಪ್ರತಿ ವರ್ಷ ಏನು ಕಲಿತೆವು ಅಂತ ದಾಖಲಿಸಬೇಕು. ನಮ್ಮಲ್ಲಿ ಎಂಎಸ್‌ಡಬ್ಲ್ಯೂ ಮಾಡಿದ ಎಲ್ಲರನ್ನೂ ಹೀಗೆ ಕೇಳುವ ಒಂದೇ ಕೌನ್ಸಿಲ್ ಇಲ್ಲ. ಹಾಗಾಗಿ ಕಲಿಕೆಗೆ ನಮ್ಮದೇ ಭಾನುವಾರ, ನಮ್ಮದೇ ದುಡ್ಡು. ಸಂಬಳ ಎಷ್ಟಂತ ನಿಮಗೂ ಗೊತ್ತು!

ಆದರೂ ದಾರಿ ಇದೆ. 'ಸ್ವಯಂ'ನಲ್ಲಿ ಉಚಿತವಾಗಿ ಕೋರ್ಸ್ ಕೇಳಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ಮಾನಸಿಕ ಆರೋಗ್ಯದ ತರಬೇತಿ ಕೊಡುತ್ತದೆ. ನಾವು ನಾಲ್ವರು ಗೆಳತಿಯರು ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಸೇರ್ತೀವಿ. ಬದಲಾದ ಒಂದು ನಿಯಮ, ಹೆಸರು ಹೇಳದೆ ಒಂದು ಕಷ್ಟದ ಕೇಸ್, ಅಷ್ಟೇ ಅಜೆಂಡಾ. ಸರ್ಟಿಫಿಕೇಟ್ ಸಿಗಲ್ಲ, ಆದರೆ ಸೋಮವಾರ ಬೆಳಗ್ಗೆ ಕೆಲಸಕ್ಕೆ ಬರುತ್ತೆ.

ಸಂಸ್ಥೆ ನಡೆಸುವವರಿಗೆ ಒಂದು ವಿನಂತಿ: ವರ್ಷಕ್ಕೆ ನಾಲ್ಕು ದಿನ ಸಂಬಳ ಸಹಿತ ಕಲಿಕಾ ರಜೆ ಕೊಡಿ. ಅದು ನೌಕರರಿಗೆ ಮಾಡುವ ಉಪಕಾರ ಅಲ್ಲ, ಬಾಗಿಲಿಗೆ ಬರುವ ಜನರ ಹಕ್ಕಿನ ಪ್ರಶ್ನೆ.

ನೀವೂ ಈ ಕ್ಷೇತ್ರದವರಾ? ಹಾಗಿದ್ದರೆ ದಿನಾ ಜನರಿಗೆ ಹೇಳುವ ಒಂದು ನಿಯಮವನ್ನು ಈ ವಾರ ತೆಗೆದು ನೋಡಿ, ಅದು ಇವತ್ತಿಗೂ ಹಾಗೇ ಇದೆಯಾ ಅಂತ.