ಹೊಗೆಕೊಳವೆಯ ದೋಷ: ಬದಲಾಗುವುದು ಬಿಡಿಭಾಗ, ಉಳಿಯುವುದು ಕಾಯಿಲೆ

ಕೊಪ್ಪಳ: ಉಕ್ಕಿನ ಕಾರ್ಖಾನೆ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ನಡೆದ ಬಳಿಕ ಈ ಜಿಲ್ಲೆಯ ಹೊಗೆ ಇಡೀ ರಾಜ್ಯದ ಚರ್ಚೆಯಾಯಿತು. ಚಿಮಣಿಯ ಹೊಗೆ ಕಣ್ಣಿಗೆ ಕಾಣುತ್ತದೆ. ಕಾರಿನ ಕೊಳವೆಯಿಂದ ಹೊರಬೀಳುವ ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಎರಡರ ಪ್ರಮಾಣವನ್ನು ಹೋಲಿಸುವುದು ಸಲ್ಲದು, ನಿಜ. ಆದರೆ ಎರಡನೆಯದನ್ನು ತಡೆಯಬೇಕಾದ ಸಾಧನ ಕೆಟ್ಟಾಗ ಅದರ ಬೆಲೆಯನ್ನು ಕಾರಿನ ಮಾಲೀಕನೇ ತೆರುತ್ತಾನೆ. ಅದೂ ಬಹಳ ಸಲ, ತಪ್ಪು ಬಿಡಿಭಾಗಕ್ಕೆ.

ಆ ಸಾಧನವೇ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂಥ ಸೂಕ್ಷ್ಮ ರಂಧ್ರಗಳ ಪಿಂಗಾಣಿ ಇಟ್ಟಿಗೆಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪನವಿರುತ್ತದೆ. ಬಿಸಿ ಹೊಗೆ ಇದನ್ನು ಹಾದುಹೋಗುವಾಗ ವಿಷಾನಿಲಗಳು ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಸಾರಜನಕವಾಗಿ ಬದಲಾಗುತ್ತವೆ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ವ್ಯವಸ್ಥೆ, 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್-6 ಮಾನದಂಡದೊಂದಿಗೆ ಇನ್ನಷ್ಟು ಸೂಕ್ಷ್ಮವಾಯಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಊರುಗಳಲ್ಲಿ ವಾರಂಟಿ ಮುಗಿದ ಕಾರುಗಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ಸಣ್ಣ ಗ್ಯಾರೇಜಿನ ಮಿಸ್ತ್ರಿಗಳು. ಕಾರ್ಬುರೇಟರ್ ಕಾಲದಲ್ಲಿ ಕಿವಿಯಿಂದಲೇ ಎಂಜಿನ್ನಿನ ರೋಗ ಪತ್ತೆ ಹಚ್ಚುತ್ತಿದ್ದ ಈ ಮಂದಿಯ ಜಾಣ್ಮೆಯನ್ನು ಕಡೆಗಣಿಸಲಾಗದು. ಆದರೆ ಈ ರೋಗ ಕಿವಿಗೆ ಕೇಳುವಂಥದ್ದಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿತೆನ್ನಿ. ಸ್ಕ್ಯಾನರ್ ಜೋಡಿಸಿದರೆ ಪಿ 0420 ಎಂಬ ಸಂಕೇತ ಕಾಣಿಸುತ್ತದೆ. ಕನ್ವರ್ಟರ್ ಹೋಗಿದೆ, ಹತ್ತಾರು ಸಾವಿರ ರೂಪಾಯಿ ಖರ್ಚು ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಇಲ್ಲವೇ ಕೆಲವು ಸಾವಿರದ ಆಕ್ಸಿಜನ್ ಸೆನ್ಸರ್ ಬದಲಿಸಿ ನೋಡೋಣ ಎಂಬ ಜೂಜು. ವಾಸ್ತವದಲ್ಲಿ ಆ ಸಂಕೇತ ಹೇಳುವುದು ಇಷ್ಟೇ: ಕನ್ವರ್ಟರಿನ ದಕ್ಷತೆ ಮಿತಿಗಿಂತ ಕಡಿಮೆಯಾದಂತೆ ಕಾಣುತ್ತಿದೆ.

ಕಾರಿನ ಕಂಪ್ಯೂಟರ್ ಇದನ್ನು ತಿಳಿಯುವ ಬಗೆ ಸ್ವಾರಸ್ಯಕರವಾಗಿದೆ. ಕನ್ವರ್ಟರಿನ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತವೆ. ಸಾಮಾನ್ಯ ಮಾದರಿಯ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಸದಾ ಏರಿಳಿಯುತ್ತಿರಬೇಕು. ಕನ್ವರ್ಟರ್ ಆರೋಗ್ಯವಾಗಿದ್ದರೆ ಹಿಂದಿನದು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ದೀಪ ಹೊತ್ತುತ್ತದೆ. ಕೊಳವೆಯ ಜೋಡಣೆಯಲ್ಲಿ ಸಣ್ಣ ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಸೆನ್ಸರನ್ನು ದಿಕ್ಕು ತಪ್ಪಿಸಬಲ್ಲದು. ವೈರಿನ ದೋಷವೂ ಇದ್ದೀತು. ಭತ್ತದ ಸೀಮೆ ಗಂಗಾವತಿಯವರಿಗೆ ಇಲಿಯ ಉಪಟಳವನ್ನು ವಿವರಿಸಬೇಕಾಗಿಲ್ಲ.

ಕನ್ವರ್ಟರ್ ನಿಜಕ್ಕೂ ಸತ್ತಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಅದನ್ನು ಕೊಂದವರು ಯಾರು? ಬಹುತೇಕ ಅದು ತಾನಾಗಿ ಸಾಯುವುದಿಲ್ಲ. ಪ್ಲಗ್ ಅಥವಾ ಕಾಯಿಲ್ ಕೆಟ್ಟು ಎಂಜಿನ್ ಮಿಸ್ಸಿಂಗ್ ಹೊಡೆದರೆ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಜೇನುಗೂಡನ್ನೇ ಕರಗಿಸುತ್ತದೆ. ದೀಪ ಮಿಣುಕುತ್ತಿದ್ದರೆ ಅದೇ ಸೂಚನೆ. ಆಗ ಗಾಡಿ ನಿಲ್ಲಿಸುವುದೇ ಲೇಸು. ಎಂಜಿನ್ ಆಯಿಲ್ ಸುಡುತ್ತಿದ್ದರೆ ಅದರಲ್ಲಿನ ರಂಜಕ ಲೇಪನವನ್ನು ಮುಚ್ಚುತ್ತದೆ. ಅಗ್ಗದ ಸಿಲಿಕೋನ್ ಗಮ್ ಬಳಸಿದರೆ ಸೆನ್ಸರಿಗೇ ವಿಷ. ಈ ಮೂಲ ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಮಿಸ್ಸಿಂಗ್, ಸೋರಿಕೆ, ವೈರಿಂಗ್ ನೋಡಿದ ಮೇಲಷ್ಟೇ ಸೆನ್ಸರಿನ ಸರದಿ, ಕನ್ವರ್ಟರ್ ಕೊನೆಗೆ. ಗಾಡಿ ಏರುದಾರಿಯಲ್ಲಿ ಎಳೆಯುತ್ತಿಲ್ಲವೆಂದರೆ ಮುಂದಿನ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಒತ್ತಡಮಾಪಕ ಜೋಡಿಸಬಹುದು. ನಿಮಿಷಕ್ಕೆ 2500 ಸುತ್ತಿನಲ್ಲಿ ಒತ್ತಡ 3 ಪಿಎಸ್‌ಐ ದಾಟಿದರೆ ಹೊಗೆಯ ದಾರಿ ಕಟ್ಟಿದೆ ಎಂದರ್ಥ.

ಇದಕ್ಕೆಲ್ಲ ತಾಳ್ಮೆ ಬೇಕು. ತಾಳ್ಮೆಗಿಂತ ಅಗ್ಗದ ಉಪಾಯವೆಂದರೆ ಕನ್ವರ್ಟರ್ ಒಡೆದು ಖಾಲಿ ಮಾಡಿ, ಬರೀ ಪೈಪ್ ಕೂರಿಸಿ ಹಿಂದಿನ ಸೆನ್ಸರಿಗೆ ಸುಳ್ಳು ಹೇಳಿಸುವುದು. ಇದು ಕಾನೂನುಬಾಹಿರ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಡಿ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಇವೆ. ಇನ್ನೊಂದು ಮಾತು: ಹಳೆಯ ಕನ್ವರ್ಟರಿನೊಳಗಿನ ಲೋಹಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ತೆಗೆದ ಭಾಗವನ್ನು ಗ್ಯಾರೇಜಿನಿಂದ ಕೇಳಿ ಪಡೆಯುವುದು ಮಾಲೀಕನ ಹಕ್ಕು.

ಸರ್ಕಾರದ ತಪಾಸಣೆಯಾದರೂ ಇದನ್ನು ಹಿಡಿಯುತ್ತದೆಯೇ? ಹೊಗೆ ತಪಾಸಣೆ ಪ್ರಮಾಣಪತ್ರ ಇಲ್ಲದಿದ್ದರೆ 10,000 ರೂಪಾಯಿವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಪೆಟ್ರೋಲ್ ಕಾರನ್ನು ನಿಂತಲ್ಲೇ ಓಡಿಸಿ ಮಾಡುವ ಈ ಪರೀಕ್ಷೆ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಡ್ಯಾಶ್‌ಬೋರ್ಡಿನ ದೀಪ ಉರಿಯುತ್ತಿದೆಯೇ ಎಂಬುದೂ ಅದರ ಲೆಕ್ಕಕ್ಕಿಲ್ಲ. ಅರೆಜೀವವಾದ ಕನ್ವರ್ಟರ್ ಹೀಗೆ ಪಾಸಾಗಬಲ್ಲದು. ಕಂಪ್ಯೂಟರ್ ತಾನಾಗಿ ಬರೆದಿಟ್ಟ ತಪ್ಪೊಪ್ಪಿಗೆಯನ್ನು ಓದದೆ ಕೊಳವೆಯ ಬಾಯಿಗೆ ನಳಿಗೆ ಹಿಡಿಯುವ ಈ ಪದ್ಧತಿ ಹಳೆಯ ಕಾಲದ್ದು.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ರೂಪಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಅಂಥ ಕಡೆ ಹಗಲು ದುಡಿಯುವ ಮಿಸ್ತ್ರಿಗಳಿಗೆ ಸಂಜೆಯ ಕಿರು ತರಬೇತಿ ನೀಡಿದರೆ ಖರ್ಚು ದೊಡ್ಡದಲ್ಲ. ಸಂಕೇತ ಓದುವ ಪುಟ್ಟ ಸ್ಕ್ಯಾನರ್ ಇಂದು ಅಗ್ಗ. ಓಡುತ್ತಿರುವ ಎಂಜಿನ್ನಿನ ಸೆನ್ಸರ್ ಏರಿಳಿತವನ್ನು ಓದಿ ಅರ್ಥೈಸುವ ಕೌಶಲವೇ ವಿರಳ.

ಹಳೆಯ ಕಾರು ಕೊಳ್ಳುವವರಂತೂ ಒಂದು ನೋಡಲೇಬೇಕು. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಆ ಹಳದಿ ದೀಪ ಹೊತ್ತಬೇಕು, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಮೊದಲಿಗೇ ಹೊತ್ತದಿದ್ದರೆ ದೀಪ ಕೆಟ್ಟಿದೆ, ಇಲ್ಲವೇ ಯಾರೋ ಬೇಕೆಂದೇ ಅದನ್ನು ಕಿತ್ತಿದ್ದಾರೆ.