ಬಣ್ಣದ ನೀರನ್ನು ಬಾಗಿಲಲ್ಲೇ ತಡೆಯಿರಿ

ದೇವನಹಳ್ಳಿಯ ಸಿಹಿನೀರು ಕೆರೆಗೆ ಈಗ ಬರುವುದು ಮಳೆನೀರೊಂದೇ ಅಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ, ಬೆಂಗಳೂರು ಬಳಸಿ ಬಿಟ್ಟ ನೀರು ಎರಡು ಹಂತದಲ್ಲಿ ಶುದ್ಧಗೊಂಡು ಕೊಳವೆಗಳಲ್ಲಿ ಈ ಸೀಮೆಯ ಕೆರೆಗಳಿಗೆ ಬರುತ್ತಿದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಬೋರ್‌ವೆಲ್‌ಗಳು ಬತ್ತಿದ ನಾಡಿಗೆ ಇದು ದೊಡ್ಡ ಆಸರೆ. ಆದರೆ ಈ ಎರಡು ಹಂತದ ಶುದ್ಧೀಕರಣ ಇರುವುದು ಅಡುಗೆಮನೆ, ಬಚ್ಚಲು, ಪಾಯಿಖಾನೆಯ ಕೊಳೆಗಾಗಿ. ಅದನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಬಣ್ಣ, ಭಾರಲೋಹ, ಉಪ್ಪಿನ ಮುಂದೆ ಅವುಗಳ ಆಟ ನಡೆಯದು.

ಪಕ್ಕದ ದೊಡ್ಡಬಳ್ಳಾಪುರವನ್ನೇ ನೋಡಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಈ ತಾಲ್ಲೂಕನ್ನು ದಾಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗೆ ಹೋಗುತ್ತದೆ. ಊರಿನ ಚರಂಡಿ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ತಮ್ಮ ಕೆರೆ ಸೇರುತ್ತಿವೆ ಎಂದು ದೊಡ್ಡತುಮಕೂರು, ಚಿಕ್ಕತುಮಕೂರಿನ ಜನ ವರ್ಷಗಳಿಂದ ಬೀದಿಗಿಳಿದಿದ್ದಾರೆ.

ದೊಡ್ಡಬಳ್ಳಾಪುರ ಮಗ್ಗದ ಊರು. ರೇಷ್ಮೆ ಸೀರೆಯ ಬಣ್ಣ ಹುಟ್ಟುವುದು ಬಿಸಿನೀರಿನ ತೊಟ್ಟಿಯಲ್ಲಿ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅಂಟು. ಮೊದಲು ಸೋಪು, ಸೋಡಾ ಹಾಕಿ ಕುದಿಸಿ ಅದನ್ನು ಬಿಡಿಸಬೇಕು. ಆಮೇಲೆ ಲಡಿಗಳನ್ನು ಬಣ್ಣದಲ್ಲಿ ಅದ್ದಿ, ತಿರುವಿ, ಹಿಂಡಿ, ಮತ್ತೆ ಮತ್ತೆ ಜಾಲಿಸಬೇಕು. ಹಾಕಿದ ಬಣ್ಣವೆಲ್ಲ ನೂಲಿಗೆ ಹಿಡಿಯುವುದಿಲ್ಲ. ಉಳಿದದ್ದು ನೀರಿನ ಜೊತೆ ಹೊರಡುತ್ತದೆ.

ಇಂಗ್ಲೆಂಡಿನ ವಿಲಿಯಂ ಪರ್ಕಿನ್ 1856ರಲ್ಲಿ ಮೊದಲ ಕೃತಕ ಬಣ್ಣ ಕಂಡುಹಿಡಿದಾಗಿನಿಂದ ರಸಾಯನ ಶಾಸ್ತ್ರಜ್ಞರು ಹಟ ಹಿಡಿದದ್ದು ಒಂದಕ್ಕೇ: ಬಿಸಿಲಿಗೂ ಸೋಪಿಗೂ ಬಣ್ಣ ಹೋಗಬಾರದು. ಸೀರೆಗೆ ಅದೇ ಗುಣ, ಕೆರೆಗೆ ಅದೇ ಕೇಡು. ಹೆಚ್ಚು ಬಳಕೆಯಲ್ಲಿರುವ ಅಜೋ ಬಣ್ಣಗಳು ಗಾಳಿಯಾಡುವ ಶುದ್ಧೀಕರಣ ತೊಟ್ಟಿಯಲ್ಲಿ ಸುಲಭಕ್ಕೆ ಒಡೆಯವು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಒಡೆದರೆ ಹುಟ್ಟುವ ಅಮೀನ್‌ಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ.

ಮದ್ದಿಲ್ಲವೆಂದಲ್ಲ. ಸುಣ್ಣ, ಪಟಿಕದಿಂದ ಬಣ್ಣವನ್ನು ತಳಕ್ಕಿಳಿಸಬಹುದು, ಇದ್ದಿಲಿನಲ್ಲಿ ಹೀರಿಸಬಹುದು, ಓಝೋನ್‌ನಿಂದ ಒಡೆಯಬಹುದು, ಆರ್‌ಒ ಪೊರೆಯಲ್ಲಿ ಸೋಸಬಹುದು. ಆದರೆ ತಳಕ್ಕಿಳಿದ ಕೆಸರು ಅಪಾಯಕಾರಿ ತ್ಯಾಜ್ಯ. ಅದು ಹೋಗಬೇಕಾದದ್ದು ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ, ರಾಜಕಾಲುವೆಯ ಬದಿಗಲ್ಲ. ಬಣ್ಣ ಹೋಗಿ ತಿಳಿಯಾದ ನೀರಿನಲ್ಲೂ ಉಪ್ಪು ಉಳಿದಿರಬಹುದು. ಈ ಕೆಲಸವೆಲ್ಲ ನೀರು ಚರಂಡಿ ಸೇರುವ ಮೊದಲೇ ಆಗಬೇಕು. ಊರ ಚರಂಡಿಗೆ ಬೆರೆತ ಮೇಲೆ ನೂರು ಪಟ್ಟು ನೀರಿನಿಂದ ಬಣ್ಣ ಹೆಕ್ಕುವುದು ಯಾರ ಕೈಲೂ ಆಗದು.

ತಮಿಳುನಾಡಿನ ತಿರುಪ್ಪೂರು ಇದನ್ನು ಕಲಿತದ್ದು ಪೆಟ್ಟು ತಿಂದು. ನೊಯ್ಯಲ್ ನದಿ ಕೆಟ್ಟ ಮೇಲೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ನೂರಾರು ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಹನಿ ನೀರೂ ಹೊರಬಿಡದ ಸಾಮೂಹಿಕ ಘಟಕಗಳ ಮೂಲಕವೇ ಆ ಉದ್ಯಮ ಮತ್ತೆ ಚೇತರಿಸಿಕೊಂಡಿತು. ಅದಕ್ಕೆ ಅಲ್ಲಿನ ಸರ್ಕಾರ ಬಡ್ಡಿರಹಿತ ಸಾಲ ಕೊಟ್ಟಿತು.

ಇಲ್ಲಿ ಆ ಪೆಟ್ಟಿಗೆ ಕಾಯಬೇಕಿಲ್ಲ. ಎರಡು ತೊಟ್ಟಿ ಇಟ್ಟುಕೊಂಡ ಸಣ್ಣ ಬಣ್ಣಗಾರ ಆರ್‌ಒ ಘಟಕ ಕಟ್ಟಲಾರ. ಅವನ ನೀರನ್ನು ಟ್ಯಾಂಕರ್‌ನಲ್ಲಿ ಸಾಮೂಹಿಕ ಘಟಕಕ್ಕೆ ಒಯ್ಯುವ ಖರ್ಚಿನಲ್ಲಿ ಸರ್ಕಾರ ಪಾಲು ಹೊರಲಿ. ದೊಡ್ಡ ಕಾರ್ಖಾನೆ ತನ್ನ ಖರ್ಚು ತಾನೇ ಭರಿಸಲಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆನೀರಿನ ತಪಾಸಣಾ ವರದಿಯನ್ನು ಪ್ರತಿ ತಿಂಗಳು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ. ದೇವನಹಳ್ಳಿಯ ಜನ ತಮ್ಮ ಕೆರೆಗೆ ಬರುವ ನೀರಿನ ವರದಿಯನ್ನು ಪುರಸಭೆಯ ಮುಂದಿನ ಸಭೆಯಲ್ಲೇ ಕೇಳಿ ಪಡೆಯಬೇಕು.